ಜಂಗೀ ಕುಸ್ತಿ: ಜೋಡಿ ಹಚ್ಚುವಿಕೆ

ಗದಗ-ಬೆಟಗೇರಿ ಸೇರಿದಂತೆ ಉತ್ತರ ಕರ್ನಾಟಕದ ಜಾತ್ರೆ, ಉರುಸುಗಳಲ್ಲಿ ನಡೆಯುವ ಮಣ್ಣಿನ ಕುಸ್ತಿಯೇ ಜಂಗೀ ಕುಸ್ತಿ. ಇದರ ಸಂಘಟನೆಯ ಜೀವಾಳ ಜೋಡಿ ಹಚ್ಚುವುದು, ಅಂದರೆ ಸರಿಸಮ ಎದುರಾಳಿಗಳನ್ನು ಹೊಂದಿಸುವುದು. ಪೈಲ್ವಾನರ ಮೈಕಟ್ಟು, ವಯಸ್ಸು, ಹಿಂದಿನ ಗೆಲುವು, ಗರಡಿಯ ಉಸ್ತಾದರ ಮಾತು ಎಲ್ಲವನ್ನೂ ಕುಸ್ತಿ ನಡೆಸುವ ಪಂಚರು ತೂಗಿ ನೋಡುತ್ತಾರೆ. ತಕ್ಕಡಿಗಿಂತ ಪಳಗಿದ ಕಣ್ಣಿಗೇ ಇಲ್ಲಿ ಹೆಚ್ಚಿನ ಬೆಲೆ. ಸೋಲು-ಗೆಲುವು ಇತ್ಯರ್ಥವಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯಲ್ಲಿ ಅಂಕಗಳಿಲ್ಲ, ಎದುರಾಳಿ ಚಿತ್ ಆಗಲೇಬೇಕು, ಅಂದರೆ ಬೆನ್ನು ನೆಲಕ್ಕೆ ತಾಗಬೇಕು. ಹಾಗಾಗಿ ಜೋಡಿ ತಪ್ಪಿದರೆ ಆಟ ಕ್ಷಣದಲ್ಲಿ ಮುಗಿದು ಕಣ ಸಪ್ಪೆಯಾಗುತ್ತದೆ. ಮೊದಲು ಹುಡುಗರ ಕುಸ್ತಿ, ಕೊನೆಗೆ ಹೆಸರಾಂತರದು. ಖರ್ಚಿಗೆ ಊರ ವಂತಿಗೆ. ಗೆದ್ದವರಿಗೆ ನಗದು, ಬೆಳ್ಳಿ ಕಡಗ ಅಥವಾ ಗದೆ.