ಮೂರು ಭಾನುವಾರ ಸುಮ್ಮನಾದ ಬಂದೂಕುಗಳು

1985ರ ಫೆಬ್ರವರಿ 3, ಭಾನುವಾರ. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್‌ನಲ್ಲಿ ಆವತ್ತು ಯುದ್ಧಕ್ಕೆ ರಜೆ. ಸರ್ಕಾರದ ಸೇನೆಗೂ ಎಫ್‌ಎಂಎಲ್‌ಎನ್ ಅನ್ನೋ ಗೆರಿಲ್ಲಾ ಪಡೆಗೂ 1980ರಿಂದ ಅಂತರ್ಯುದ್ಧ ನಡೀತಿತ್ತು. ಆ ದಿನ ಎರಡೂ ಕಡೆಯವರು ಸುಮ್ಮನಾಗಲು ಒಪ್ಪಿದ್ದು ಶಾಂತಿ ಮಾತುಕತೆಗಲ್ಲ, ಮಕ್ಕಳಿಗೆ ಲಸಿಕೆ ಹಾಕಿಸೋಕೆ.

ಶುರುವಾಗಿದ್ದು ಒಂದು ಲೆಕ್ಕದಿಂದ. ಆಗ ಯುನಿಸೆಫ್ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್, ಅಧ್ಯಕ್ಷ ದುವಾರ್ತೆ ಅವರ ಮುಂದೆ ಅದನ್ನ ಇಟ್ಟರು: ಒಂದು ವರ್ಷದಲ್ಲಿ ಯುದ್ಧಕ್ಕೆ ಬಲಿಯಾದವರಿಗಿಂತ, ದಡಾರ, ನಾಯಿಕೆಮ್ಮು, ಧನುರ್ವಾಯುವಿನಂಥ ತಡೆಯಬಹುದಾದ ಕಾಯಿಲೆಗಳಿಗೆ ಬಲಿಯಾದ ಮಕ್ಕಳೇ ಜಾಸ್ತಿ.

ಆದರೆ ಅಧ್ಯಕ್ಷರೊಬ್ಬರು ಒಪ್ಪಿದರೆ ಸಾಕಾಗ್ತಿರಲಿಲ್ಲ. ಗುಡ್ಡಗಾಡಿನ ಎಷ್ಟೋ ಹಳ್ಳಿಗಳು ಗೆರಿಲ್ಲಾಗಳ ಹಿಡಿತದಲ್ಲಿದ್ದವು. ಇಬ್ಬರೂ ನಂಬುವ ಮಧ್ಯಸ್ಥರು ಬೇಕಿತ್ತು. ಆ ಕೆಲಸಕ್ಕೆ ಮುಂದೆ ಬಂದಿದ್ದು ಕ್ಯಾಥೊಲಿಕ್ ಚರ್ಚು. ಅದರ ಆರ್ಚ್‌ಬಿಷಪ್ ಆಸ್ಕರ್ ರೊಮೆರೋ ಅವರನ್ನು ಐದು ವರ್ಷದ ಹಿಂದೆಯಷ್ಟೇ, ಪೂಜೆ ನಡೆಸುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. ಅವರ ನಂತರ ಆ ಪೀಠಕ್ಕೆ ಬಂದ ರಿವೇರಾ ಇ ದಮಾಸ್ ಎರಡೂ ಕಡೆಯವರನ್ನ ಒಪ್ಪಿಸಿದರು. ಗೆರಿಲ್ಲಾ ಪ್ರದೇಶಗಳಿಗೆ ರೆಡ್ ಕ್ರಾಸ್‌ನವರು ಲಸಿಕೆ ಮುಟ್ಟಿಸಿದರು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಒಂದು ಸಣ್ಣ ತಾಂತ್ರಿಕ ವಿಷಯ. ಪೋಲಿಯೊ ಹನಿಯಾಗಲಿ, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಚುಚ್ಚುಮದ್ದಾಗಲಿ, ಒಂದು ಸಲ ಕೊಟ್ಟರೆ ಸಾಲದು. ಕೆಲವು ವಾರಗಳ ಅಂತರದಲ್ಲಿ ಮೂರು ಸಲ ಕೊಡಬೇಕು. ಹಾಗಾಗಿ ಕದನವಿರಾಮವೂ ಮೂರು ಸಲ ಬೇಕಾಯ್ತು. ಫೆಬ್ರವರಿ ಆದಮೇಲೆ ಮಾರ್ಚ್ 3, ಆಮೇಲೆ ಏಪ್ರಿಲ್ 21. ಮೊದಲ ಭಾನುವಾರ ಮಾತಿಗೆ ತಪ್ಪಿದ್ದರೆ ಎರಡನೆಯದಕ್ಕೆ ಯಾವ ತಾಯಿಯೂ ಮಗು ಎತ್ಕೊಂಡು ಬರ್ತಿರಲಿಲ್ಲ. ಒಂದೇ ದಿನಕ್ಕೆ ಮುಗಿಸಿದ್ದರೆ ನಾಯಕರಿಗೆ ಒಳ್ಳೇ ಫೋಟೋ ಸಿಗ್ತಿತ್ತು, ಮಗುವಿಗೆ ರಕ್ಷಣೆ ಸಿಗ್ತಿರಲಿಲ್ಲ. ಆ ವರ್ಷ ಸುಮಾರು 2.5 ಲಕ್ಷ ಮಕ್ಕಳಿಗೆ ಲಸಿಕೆ ಸಿಕ್ಕಿತು. 1992ರಲ್ಲಿ ಶಾಂತಿ ಒಪ್ಪಂದ ಆಗುವವರೆಗೂ ವರ್ಷ ವರ್ಷ ಇದು ನಡೆಯಿತು.

ಅದೇ 1985ರಲ್ಲಿ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆ ಇಡೀ ಅಮೆರಿಕ ಖಂಡಗಳಿಂದ ಪೋಲಿಯೊ ಓಡಿಸ್ತೀವಿ ಅಂತ ಘೋಷಿಸಿತು. ಆಗಿನ ಪರಿಸ್ಥಿತಿ ನೋಡಿ: ನಿಕರಾಗುವಾದಲ್ಲಿ ಕಾಂಟ್ರಾ ಬಂಡುಕೋರರು ಆರೋಗ್ಯ ಕೇಂದ್ರಗಳ ಮೇಲೇ ದಾಳಿ ಮಾಡ್ತಿದ್ದರು. ಗ್ವಾಟೆಮಾಲಾದಲ್ಲಿ 20ಕ್ಕೂ ಹೆಚ್ಚು ಮಾಯಾ ಭಾಷೆಗಳು, ಜೊತೆಗೆ ಅಂತರ್ಯುದ್ಧ. ಪೆರುವಿನಲ್ಲಿ ‘ಶೈನಿಂಗ್ ಪಾತ್’ ಉಗ್ರರು.

ಈ ಕೆಲಸದ ಮುಂದಾಳು ಬ್ರೆಜಿಲ್‌ನ ವೈದ್ಯ ಸಿರೋ ಡಿ ಕ್ವಾಡ್ರೋಸ್. ಅವರ ತಂಡದ ಒಂದು ನಿಯಮ ನನ್ನಂಥ ಸಾಫ್ಟ್‌ವೇರ್‌ನವನಿಗೆ ತಕ್ಷಣ ಅರ್ಥ ಆಗುತ್ತೆ. ಪ್ರತಿ ಆರೋಗ್ಯ ಕೇಂದ್ರವೂ ವಾರ ವಾರ ವರದಿ ಕಳಿಸಬೇಕು, ಒಂದೂ ಕೇಸ್ ಇಲ್ಲದಿದ್ದರೆ ‘ಸೊನ್ನೆ’ ಅಂತಾದರೂ. ಯಾಕಂದ್ರೆ ಸುದ್ದಿ ಬರಲಿಲ್ಲ ಅಂದ್ರೆ ಕಾಯಿಲೆ ಇಲ್ಲ ಅಂತಾನೂ ಆಗಬಹುದು, ಅಲ್ಲಿ ನೋಡೋರೇ ಇಲ್ಲ ಅಂತಾನೂ ಆಗಬಹುದು. ಸರ್ವರ್ ಸತ್ತರೆ ಅದರಿಂದ ಅಲರ್ಟ್ ಕೂಡ ಬರಲ್ಲ, ಹಾಗೆ. ಪೋಲಿಯೊ ಕೇಸ್ ತೋರಿಸಿಕೊಟ್ಟವರಿಗೆ 100 ಡಾಲರ್ ಬಹುಮಾನವನ್ನೂ ಇಟ್ಟರು. ಕೊನೆಯ ಕೇಸ್ ಸಿಕ್ಕಿದ್ದು 1991ರಲ್ಲಿ, ಪೆರುವಿನಲ್ಲಿ. 1994ರಲ್ಲಿ ಅಮೆರಿಕ ಖಂಡಗಳು ಪೋಲಿಯೊಮುಕ್ತ ಎಂದು ಘೋಷಣೆಯಾಯಿತು.

ದೇಶಕ್ಕೆಲ್ಲ ಒಂದೇ ದಿನ ಹನಿ ಹಾಕೋ ಆ ಪದ್ಧತಿಯೇ 1995ರಲ್ಲಿ ಪಲ್ಸ್ ಪೋಲಿಯೊ ಆಗಿ ನಮ್ಮಲ್ಲಿಗೂ ಬಂತು. ಹಳ್ಳಿ ಶಾಲೆ ಜಗಲಿಯಲ್ಲಿ ಹನಿ ಹಾಕಿಸ್ಕೊಂಡು, ಕಿರುಬೆರಳಿಗೆ ಶಾಯಿ ಬಳಿಸ್ಕೊಂಡು ಬಂದ ಮಕ್ಕಳು ನೀವೂ ಆಗಿರಬಹುದು. ನಮ್ಮ ಕೊನೆಯ ಕೇಸ್ 2011ರದು, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಹಾಗಂತ ಲಸಿಕೆಯೇ ಎಲ್ ಸಾಲ್ವಡಾರ್‌ಗೆ ಶಾಂತಿ ತಂತು ಅಂದ್ರೆ ಸುಳ್ಳಾಗುತ್ತೆ. ಆ ಯುದ್ಧ ಸುಮಾರು 75,000 ಜನರನ್ನ ಬಲಿ ತಗೊಂಡಿತು. ವರ್ಷಕ್ಕೆ ಮೂರು ದಿನ ಬಂದು ಹೋಗೋರು ಹೆರಿಗೆ ಮಾಡಿಸಲ್ಲ, ರಾತ್ರಿ ಹೊತ್ತು ಜ್ವರ ಬಂದ್ರೆ ನೋಡಲ್ಲ. ಅದಕ್ಕೆ ಉಳಿದ 362 ದಿನವೂ ಬಾಗಿಲು ತೆಗೆದಿರೋ ವ್ಯವಸ್ಥೆ ಬೇಕು. ಅಂಥದ್ದು ಅದೇ ಮಧ್ಯ ಅಮೆರಿಕದಲ್ಲೇ ಇತ್ತು. ಕೋಸ್ಟರಿಕಾ 1941ರಲ್ಲಿ ಸಾಮಾಜಿಕ ಭದ್ರತಾ ಸಂಸ್ಥೆ ಕಟ್ಟಿತು, 1948ರಲ್ಲಿ ತನ್ನದೂ ಒಂದು ಅಂತರ್ಯುದ್ಧ ಮುಗಿದ ಮೇಲೆ ಸೇನೆಯನ್ನೇ ರದ್ದು ಮಾಡಿತು. ಆಮೇಲಿನ ದಶಕಗಳಲ್ಲಿ ಆ ಸಂಸ್ಥೆಯನ್ನ ಹಳ್ಳಿ ಹಳ್ಳಿಗೂ ಹಬ್ಬಿಸಿತು. ಅಲ್ಲಿನವರ ಆಯಸ್ಸು ಶ್ರೀಮಂತ ದೇಶಗಳಿಗೆ ಸಮೀಪ ಬಂತು.

ಆರೋಗ್ಯ ಸುಧಾರಣೆ ಅಂದಾಗ ನಾವು ಹೊಸ ಕಟ್ಟಡ, ಹೊಸ ಆ್ಯಪ್, ಉದ್ಘಾಟನೆಯ ರಿಬ್ಬನ್ ನೋಡ್ತೀವಿ. ಇನ್ಮುಂದೆ ಅಂಥ ಯೋಜನೆ ಯಾವುದೇ ಬರಲಿ, ನಾನು ಕೇಳೋ ಪ್ರಶ್ನೆ ಒಂದೇ: ಮೂರನೇ ಭಾನುವಾರಕ್ಕೆ ಯಾರು ಬರ್ತಾರೆ?