ಪ್ರಿಂಟರ್ ಸ್ವಿಚ್

ಒಂದೇ ಪ್ರಿಂಟರನ್ನು ಎರಡು ಅಥವಾ ಹೆಚ್ಚು ಕಂಪ್ಯೂಟರುಗಳು ಸರದಿಯಂತೆ ಬಳಸಲು ನಡುವೆ ಜೋಡಿಸುವ ಪೆಟ್ಟಿಗೆ. ಅಂಗಡಿ ಮಾತಿನಲ್ಲಿ ಟಿ-ಸ್ವಿಚ್ ಅಥವಾ ಡೇಟಾ ಸ್ವಿಚ್. ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದಂಥ ತಾಲ್ಲೂಕು ಕೇಂದ್ರಗಳಲ್ಲಿ ಇದು ಸಲ್ಲುತ್ತಿದ್ದುದು ಡಿಟಿಪಿ ಅಂಗಡಿ, ಸಣ್ಣ ಮುದ್ರಣಾಲಯ, ಸಹಕಾರಿ ಸಂಘ, ತೆರಿಗೆ ಸಲಹೆಗಾರರ ಕೋಣೆಗಳಿಗೆ; ಅಂದರೆ ಎರಡು ಮೂರು ಕಂಪ್ಯೂಟರ್ ಇದ್ದು, ನೆಟ್‌ವರ್ಕ್ ನೋಡಿಕೊಳ್ಳುವ ಆಳು ಇಲ್ಲದ ಕಡೆಗಳಿಗೆ. ತಾಲ್ಲೂಕು ಕಚೇರಿಗಳ ದಾರಿ ಬೇರೆ. ರಾಜ್ಯದ ಅಂದಿನ 177 ತಾಲ್ಲೂಕುಗಳ ಪಹಣಿಯನ್ನು ಗಣಕಕ್ಕೆ ತಂದ ಭೂಮಿ ಯೋಜನೆ ಮೊದಲಿನಿಂದಲೂ ಸರ್ವರ್ ಮತ್ತು ನೆಟ್‌ವರ್ಕ್ ಆಧಾರಿತ ವ್ಯವಸ್ಥೆಯಾಗಿದ್ದರಿಂದ ಅಲ್ಲಿ ಈ ಪೆಟ್ಟಿಗೆಗೆ ಹೆಚ್ಚಿನ ಕೆಲಸವಿರಲಿಲ್ಲ.

ರಚನೆ

ಸೆಂಟ್ರಾನಿಕ್ಸ್ ಕಂಪನಿ 1970ರಲ್ಲಿ ತನ್ನ ಪ್ರಿಂಟರಿಗೆಂದು ರೂಪಿಸಿದ ಸಮಾನಾಂತರ ಜೋಡಣೆಯೇ ಇದರ ತಳಹದಿ. ಪ್ರಿಂಟರಿನ ಕಡೆ 36 ಪಿನ್ನಿನ ಸಾಕೆಟ್ ಉಳಿಯಿತು. ಕಂಪ್ಯೂಟರಿನ ಕಡೆ 1981ರ ಐಬಿಎಂ ಪಿಸಿ 25 ಪಿನ್ನಿನದನ್ನು ರೂಢಿಗೆ ತಂದಿತು. ಈ 25ರಲ್ಲಿ 8 ತಂತಿ ಅಕ್ಷರದ ಬಿಟ್‌ಗಳಿಗೆ, 4 ಕಂಪ್ಯೂಟರಿನ ಅಪ್ಪಣೆಗಳಿಗೆ, 5 ಪ್ರಿಂಟರಿನ ಸ್ಥಿತಿ ತಿಳಿಸುವುದಕ್ಕೆ, ಉಳಿದ 8 ನೆಲಸಂಪರ್ಕಕ್ಕೆ. ಕಾಗದ ಮುಗಿದದ್ದು, ಪ್ರಿಂಟರ್ ಬಿಡುವಿಲ್ಲದಿರುವುದು ಇವೆಲ್ಲ ಆ ಐದು ತಂತಿಗಳಲ್ಲೇ ಕಂಪ್ಯೂಟರಿಗೆ ತಿಳಿಯಬೇಕು.

ಕೈಯಿಂದ ತಿರುಗಿಸುವ ಪೆಟ್ಟಿಗೆಯಲ್ಲಿ ಬುದ್ಧಿ ಎಂಬುದಿಲ್ಲ. ಗುಂಡಿಯನ್ನು ಎ ಇಂದ ಬಿಗೆ ತಿರುಗಿಸಿದರೆ 25 ತಂತಿಗಳೂ ಒಟ್ಟಿಗೇ ಒಂದು ಸಾಕೆಟ್ ಬಿಟ್ಟು ಇನ್ನೊಂದಕ್ಕೆ ತಾಗುತ್ತವೆ. ಇದಕ್ಕೆ ವಿದ್ಯುತ್ ಬೇಡ, ತಂತ್ರಾಂಶ ಬೇಡ. ಸಾಧಾರಣ ಕೇಬಲ್ಲು ಮೂರು ಮೀಟರಿನ ಒಳಗಿರಬೇಕು ಎಂಬ ನಿಯಮದಲ್ಲಿ ಪೆಟ್ಟಿಗೆಯ ಎರಡೂ ಬದಿಯ ಕೇಬಲ್ಲುಗಳನ್ನು ಕೂಡಿಸಿ ಎಣಿಸಬೇಕು. ಜೋಡಿಸುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಸ್ವಯಂಚಾಲಿತ ಮಾದರಿಗಳು ಪ್ರತಿ ಕಂಪ್ಯೂಟರನ್ನು ಸರದಿಯಲ್ಲಿ ಗಮನಿಸುತ್ತಿದ್ದು, ಮೊದಲು ದತ್ತಾಂಶ ಕಳಿಸಿದ್ದಕ್ಕೆ ಪ್ರಿಂಟರನ್ನು ಒಪ್ಪಿಸುತ್ತವೆ. ಕೆಲವು ಸೆಕೆಂಡು ಏನೂ ಬರದಿದ್ದರೆ ಕೆಲಸ ಮುಗಿಯಿತೆಂದು ತಿಳಿದು ಬಿಡಿಸಿಕೊಳ್ಳುತ್ತವೆ. ಈ ತಿಳಿವಳಿಕೆ ಕನ್ನಡದ ಮಟ್ಟಿಗೆ ಎಷ್ಟೋ ಸಲ ತಪ್ಪಾಗುತ್ತಿತ್ತು.

ಕನ್ನಡ ಮುದ್ರಣ

ಇಂಗ್ಲಿಷ್ ಅಕ್ಷರಗಳು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ನೆನಪಿನಲ್ಲೇ ಇರುತ್ತವೆ. ಒಂದು ಅಕ್ಷರಕ್ಕೆ ಒಂದು ಬೈಟ್ ಕಳಿಸಿದರೆ ಸಾಕು. ಸಾಮಾನ್ಯ ಪ್ರಿಂಟರಿನಲ್ಲಿ ಕನ್ನಡಕ್ಕೆ ಆ ಅನುಕೂಲ ಇರಲಿಲ್ಲ. ಒತ್ತಕ್ಷರ, ಗುಣಿತ ಸಮೇತ ಇಡೀ ಸಾಲನ್ನು ಕಂಪ್ಯೂಟರೇ ಚುಕ್ಕಿಗಳ ಚಿತ್ರವಾಗಿಸಿ ಕಳಿಸಬೇಕಿತ್ತು. ಎಪ್ಸನ್ ಕ್ರಮದಲ್ಲಿ ಪ್ರತಿ ಪಟ್ಟಿಯ ಮುಂಚೆ ಒಂದು ಅಪ್ಪಣೆ ಹೋಗುತ್ತದೆ, ಅದರ ಬೆನ್ನಿಗೇ ಎಷ್ಟು ಕಂಬ ಚುಕ್ಕಿ ಬರಲಿದೆ ಎಂಬ ಸಂಖ್ಯೆ ಎರಡು ಬೈಟುಗಳಲ್ಲಿ ಹೋಗುತ್ತದೆ. 24 ಸೂಜಿಯ ಪ್ರಿಂಟರಿನಲ್ಲಿ ಇಂಚಿಗೆ 180 ಚುಕ್ಕಿಯಂತೆ ಎಂಟು ಇಂಚಿನ ಸಾಲಿಗೆ 1440 ಕಂಬ. ಕಂಬಕ್ಕೆ ಮೂರರಂತೆ 4320 ಬೈಟ್. 9 ಸೂಜಿಯದರಲ್ಲಿ ಕಂಬಕ್ಕೆ ಒಂದೇ ಬೈಟ್, ಆದರೆ ಅಕ್ಷರದ ಎತ್ತರ ತುಂಬಲು ತಲೆ ಹಲವು ಬಾರಿ ಓಡಬೇಕು.

ಮುದ್ರಣದ ನಡುವೆ ಯಾರಾದರೂ ಗುಂಡಿ ತಿರುಗಿಸಿದರೆ ಆಗುವ ಅವಾಂತರಕ್ಕೆ ಈ ಲೆಕ್ಕವೇ ಕಾರಣ. 4320ರಲ್ಲಿ 1500 ಬೈಟ್ ಬಂದ ಮೇಲೆ ದಾರಿ ತಪ್ಪಿತೆನ್ನಿ. ಪ್ರಿಂಟರ್ ಇನ್ನೂ 2820ಕ್ಕೆ ಕಾಯುತ್ತಿರುತ್ತದೆ. ಎರಡನೆಯ ಕಂಪ್ಯೂಟರು ಕಳಿಸುವ ಮೊದಲ 2820 ಬೈಟನ್ನು, ಅದು ಬಿಲ್ಲಾಗಿರಲಿ ಪತ್ರವಾಗಿರಲಿ, ಚುಕ್ಕಿಯೆಂದೇ ಹೊಡೆಯುತ್ತದೆ. ಇತ್ತ ಮೊದಲ ಕಂಪ್ಯೂಟರು ಮರಳಿ ಸಂಪರ್ಕಕ್ಕೆ ಬಂದಾಗ ಪಟ್ಟಿಯ ಉಳಿದ ಭಾಗವನ್ನು ಅಪ್ಪಣೆಯಿಲ್ಲದೆ ಕಳಿಸುತ್ತದೆ. ಪ್ರಿಂಟರ್ ಅದನ್ನು ಅಕ್ಷರವೆಂದು ಓದಿ ಹಾಳೆಗಟ್ಟಲೆ ಕಸ ಉಗುಳುತ್ತದೆ. ಪ್ರಿಂಟರನ್ನು ಆರಿಸಿ ಹೊತ್ತಿಸಿ, ಎರಡೂ ಕಂಪ್ಯೂಟರುಗಳ ಕೆಲಸ ರದ್ದುಮಾಡುವುದೊಂದೇ ಪರಿಹಾರ. ಸ್ವಯಂಚಾಲಿತ ಪೆಟ್ಟಿಗೆಯಲ್ಲೂ ಕೆಲಸಗಳು ಬೆರೆತುಹೋಗುವ ಅಪಾಯವಿತ್ತು: ನಿಧಾನದ ಕಂಪ್ಯೂಟರು ಮುಂದಿನ ಸಾಲಿನ ಚಿತ್ರ ಸಿದ್ಧಪಡಿಸುವಷ್ಟರಲ್ಲಿ ಗಡುವು ಮೀರಿ, ಪೆಟ್ಟಿಗೆ ಇನ್ನೊಬ್ಬರಿಗೆ ಬಾಗಿಲು ತೆರೆದುಬಿಡುತ್ತಿತ್ತು. ಕನ್ನಡ ಕೆಲಸಕ್ಕೆ ಕೈಯಿಂದ ತಿರುಗಿಸುವ ಪೆಟ್ಟಿಗೆಯೇ ಮೇಲೆಂಬ ಅಭಿಪ್ರಾಯ ಹಳೆಯ ಹಟವಲ್ಲ, ಅದಕ್ಕೆ ಆಧಾರವಿದೆ.

ಬೀಗಗಳು

ಶ್ರೀಲಿಪಿ, ಆಕೃತಿಯಂಥ ಲಿಪಿ ತಂತ್ರಾಂಶಗಳಿಗೆ, ಲೆಕ್ಕಪತ್ರದ ಟ್ಯಾಲಿಯ ಹಳೆಯ ಆವೃತ್ತಿಗಳಿಗೆ, ಉರ್ದು ಪುಟವಿನ್ಯಾಸದ ಇನ್‌ಪೇಜ್‌ಗೆ ಡಾಂಗಲ್ ಎಂಬ ಯಂತ್ರಬೀಗ ಬರುತ್ತಿತ್ತು. ಅದನ್ನು ಪ್ರಿಂಟರ್ ಪೋರ್ಟಿಗೇ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ಕೇಬಲ್ ಹಾಕಬೇಕು. ಬೀಗ ಯಾವಾಗಲೂ ಕಂಪ್ಯೂಟರ್ ಮತ್ತು ಸ್ವಿಚ್‌ನ ನಡುವೆ ಇರತಕ್ಕದ್ದು. ಸ್ವಿಚ್ ದಾಟಿ ಪ್ರಿಂಟರಿನ ಕಡೆ ಹಾಕಿದರೆ ಗುಂಡಿ ಯಾರ ಕಡೆಗಿದೆಯೋ ಅವರಿಗೆ ಮಾತ್ರ ಬೀಗ ಕಾಣುತ್ತದೆ. ಬೀಗವನ್ನು ಆಗಾಗ ಪರೀಕ್ಷಿಸುವ ತಂತ್ರಾಂಶ, ಗುಂಡಿ ತಿರುಗಿದರೆ ಕೆಲಸ ನಿಲ್ಲಿಸುತ್ತದೆ. ಒಂದೇ ಪರವಾನಗಿಯಲ್ಲಿ ಎರಡು ಯಂತ್ರ ನಡೆಸುವ ಆಸೆಗೆ ಹೀಗೆ ಹಾಕುವವರೂ ಇದ್ದರು.

ಭಟ್ಕಳದಲ್ಲಿ ಬೀಗದ ಪ್ರಶ್ನೆಗೆ ಇನ್ನೊಂದು ಮುಖವಿತ್ತು. ಅಲ್ಲಿ ಕನ್ನಡದ ಜೊತೆಗೆ ಉರ್ದುವಿನಲ್ಲೂ, ಉರ್ದು ಲಿಪಿಯಲ್ಲೇ ಬರೆಯುವ ನವಾಯತಿಯಲ್ಲೂ ಮದುವೆ ಕಾಗದ, ಕರಪತ್ರ ಬೇಕಾಗುತ್ತವೆ. ಕನ್ನಡದ ಬೀಗ ಒಂದು ಯಂತ್ರಕ್ಕೆ, ಉರ್ದುವಿನದು ಇನ್ನೊಂದಕ್ಕೆ ಇದ್ದು ಲೇಸರ್ ಪ್ರಿಂಟರ್ ಒಂದೇ ಆದಾಗ ನಡುವಿನ ಪೆಟ್ಟಿಗೆ ಅನಿವಾರ್ಯವಾಗುತ್ತಿತ್ತು. ಆದರೆ ಗುಂಡಿ ತಿರುಗಿಸುವಾಗ ಹುಟ್ಟುವ ವಿದ್ಯುತ್ ಮಿಡಿತದಿಂದ ಪೋರ್ಟು ಸುಡಬಹುದೆಂದು ಲೇಸರ್ ಪ್ರಿಂಟರ್ ತಯಾರಕರು ಎಚ್ಚರಿಸುತ್ತಿದ್ದುದನ್ನು ಇಲ್ಲಿ ನೆನೆಯಬೇಕು. 1998ರಲ್ಲಿ ಬರಹ ಎಂಬ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿ ಸಿಕ್ಕ ಮೇಲೆ ಎಲ್ಲ ಯಂತ್ರಗಳಲ್ಲೂ ಬೀಗವಿಲ್ಲದೆ ಕನ್ನಡ ಮೂಡಿಸಬಹುದಾಯಿತು.

ಕರಾವಳಿಯ ಹವೆ

ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ, ಉಪ್ಪುಗಾಳಿಯ ಈ ಪಟ್ಟಿಯಲ್ಲಿ ಪೆಟ್ಟಿಗೆಯ ಸಂಪರ್ಕ ತಗಡುಗಳಿಗೆ ಕಿಲುಬು ಹಿಡಿಯುವುದು ಬೇಗ. ಎಂಟು ದತ್ತಾಂಶ ತಂತಿಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಅಕ್ಷರಗಳು ಒಂದು ನಿಯಮಕ್ಕೊಳಪಟ್ಟಂತೆ ತಪ್ಪುತ್ತವೆ. ಪ್ರಿಂಟರನ್ನೋ ವೈರಸ್ಸನ್ನೋ ದೂರುವ ಮೊದಲು ಗುಂಡಿಯನ್ನು ಕೆಲವು ಬಾರಿ ಪೂರ್ತಿ ತಿರುಗಿಸಿ ನೋಡುವುದು ಒಳ್ಳೆಯದು. ನೆಲಸಂಪರ್ಕದ್ದು ಇನ್ನೊಂದು ತೊಡಕು. ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಒಂದು ಕಂಪ್ಯೂಟರು ಯುಪಿಎಸ್‌ಗೆ, ಇನ್ನೊಂದು ನೇರ ಹೆಸ್ಕಾಂ ವಿದ್ಯುತ್ ಲೈನಿಗೆ ಇದ್ದರೆ ಎರಡರ ನೆಲಗಳ ನಡುವಿನ ವ್ಯತ್ಯಾಸ ಗುಂಡಿ ತಿರುಗಿದ ಕ್ಷಣದಲ್ಲಿ ಪ್ರಿಂಟರಿನ ಪೋರ್ಟಿನ ಮೂಲಕ ಹರಿಯುತ್ತದೆ. ಎರಡು ಕಂಪ್ಯೂಟರು, ಪ್ರಿಂಟರು ಮೂರನ್ನೂ ಒಂದೇ ಪ್ಲಗ್ ಪಟ್ಟಿಗೆ ಹಾಕಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಯುಎಸ್‌ಬಿ ನಂತರ

1994ರ ಐಇಇಇ 1284 ಮಾನಕ ಪ್ರಿಂಟರಿಗೂ ದತ್ತಾಂಶ ಮರಳಿಸುವ ಅವಕಾಶ ಕೊಟ್ಟಿತು, ವೇಗವನ್ನೂ ಹೆಚ್ಚಿಸಿತು. ಹಳೆಯ ಪೆಟ್ಟಿಗೆಗಳಿಗೆ ಆ ವೇಗ ಒಗ್ಗಲಿಲ್ಲ. 1996ರಲ್ಲಿ ಬಂದ ಯುಎಸ್‌ಬಿಯಲ್ಲಿ ಒಂದು ಸಾಧನಕ್ಕೆ ಒಡೆಯ ಒಬ್ಬನೇ. ಹಾಗಾಗಿ ಯುಎಸ್‌ಬಿ ಸ್ವಿಚ್‌ನ ಗುಂಡಿ ಒತ್ತಿದಾಗ ಪ್ರಿಂಟರನ್ನು ಒಂದು ಕಂಪ್ಯೂಟರಿನಿಂದ ಕಿತ್ತು ಇನ್ನೊಂದಕ್ಕೆ ಹೊಸದಾಗಿ ಚುಚ್ಚಿದಂತೆಯೇ ಆಗುತ್ತದೆ, ಗುರುತು ಹಿಡಿಯಲು ಕೆಲವು ಕ್ಷಣ ಬೇಕು. ಕೀಲಿಮಣೆ, ಮೌಸ್, ಪರದೆಗಳನ್ನು ಹಂಚುವ ಕೆವಿಎಂ ಸ್ವಿಚ್ ಇದೇ ಕುಲದ್ದು. ವೈಫೈ ಪ್ರಿಂಟರುಗಳು ಬಂದ ಮೇಲೆ ಹೊಸದಾಗಿ ಸ್ವಿಚ್ ಕೊಳ್ಳುವ ಅಗತ್ಯ ಬಹಳ ಕಡಿಮೆಯಾಗಿದೆ.

ಯುಎಸ್‌ಬಿಯಿಂದ ಸಮಾನಾಂತರಕ್ಕೆ ಬದಲಿಸುವ ಕೇಬಲ್ ಹಾಕಿ ಹಳೆಯ ಡಾಟ್ ಮ್ಯಾಟ್ರಿಕ್ಸನ್ನು ಹೊಸ ಕಂಪ್ಯೂಟರಿನಿಂದ ನಡೆಸಬಹುದು. ಪ್ರಿಂಟರ್ ಪೋರ್ಟಿನ ಬೀಗಗಳು ಮಾತ್ರ ಸಾಮಾನ್ಯವಾಗಿ ಅದರ ಮೂಲಕ ತೆರೆಯುವುದಿಲ್ಲ. ಬೀಗದ ತಂತ್ರಾಂಶದಲ್ಲಿ ಕಡತಗಳನ್ನಿಟ್ಟ ಮುದ್ರಣಾಲಯಗಳು ಸಮಾನಾಂತರ ಪೋರ್ಟು ಇರುವ ಒಂದು ಯಂತ್ರವನ್ನಾದರೂ ಉಳಿಸಿಕೊಳ್ಳಬೇಕು.