ಆಳಸಮುದ್ರದ ದಾರಿ, ಡೀಸೆಲ್ಲಿನ ಲೆಕ್ಕ

ರೋಣ, ನರಗುಂದ, ಗಜೇಂದ್ರಗಡದ ಬಸ್ ಡಿಪೊಗಳಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂಬ ಮಾತು ದಿನವೂ ನಡೆಯುತ್ತದೆ. ಇದೇ ಸೀಮೆಯಿಂದ, ಪಕ್ಕದ ಕೊಪ್ಪಳ, ಬಾಗಲಕೋಟೆಯಿಂದ ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬಂದರುಗಳಿಗೆ ದುಡಿಯಲು ಹೋದವರು ಕಡಿಮೆಯೇನಿಲ್ಲ. ಅಲ್ಲಿ ಅವರ ಕಣ್ಣಿಗೆ ಬೀಳುವುದು ಬೇರೆಯೇ ಲೆಕ್ಕ. ಬೋಟು ಹೊರಡುವ ಮುನ್ನ ಸಾವಿರಗಟ್ಟಲೆ ಲೀಟರ್ ಡೀಸೆಲ್ ಟ್ಯಾಂಕಿಗೆ ಇಳಿಯುತ್ತದೆ, ಹತ್ತು ದಿನದ ಆಸುಪಾಸಿನ ಟ್ರಿಪ್ ಮುಗಿಸಿ ಧಕ್ಕೆಗೆ ಬರುವಷ್ಟರಲ್ಲಿ ಬಹುಪಾಲು ಸುಟ್ಟುಹೋಗಿರುತ್ತದೆ. ಟ್ರಿಪ್ಪಿನ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಇದೊಂದೇ ಬಾಬತ್ತು. ನಮ್ಮ ಕರಾವಳಿಯ ಬೋಟು ಇಷ್ಟೊಂದು ಎಣ್ಣೆ ಕುಡಿಯುವ ಹಂತಕ್ಕೆ ಬಂದದ್ದು ಹೇಗೆ, ಅದನ್ನು ತಗ್ಗಿಸಲು ನಡೆದ ಯತ್ನಗಳು ಎಲ್ಲಿಗೆ ಮುಟ್ಟಿವೆ ಎಂಬುದನ್ನು ಕೂಡಿಸಿ ನೋಡಿದವರು ವಿರಳ.

ಒಂದು ಕಾಲಕ್ಕೆ ಈ ಖರ್ಚೇ ಇರಲಿಲ್ಲ. ಮಂಗಳೂರು ಹೆಂಚು ಹೊತ್ತು ದೂರದೂರಿಗೆ ಹೋಗುತ್ತಿದ್ದ ಮಂಜಿ, ಪತ್ತೇಮಾರಿಗಳು ಹಾಯಿ ಬಿಚ್ಚಿ ಗಾಳಿಯ ದಿಕ್ಕು ನೋಡಿ ಸಾಗುತ್ತಿದ್ದವು. ಮೀನುಗಾರಿಕೆಯಲ್ಲಿ ರಂಪಣಿ ಬಲೆಯದೇ ರಾಜ್ಯ. ಬೂತಾಯಿ, ಬಂಗುಡೆಯ ಹಿಂಡು ದಡದ ಸಮೀಪ ಬಂದಾಗ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಲೆ ಸುತ್ತು ಹಾಕುವುದು, ಹತ್ತಾರು ಜನ ಸೇರಿ ಅದನ್ನು ದಡಕ್ಕೆ ಎಳೆಯುವುದು. ತೋಳ್ಬಲ ಬಿಟ್ಟರೆ ಬೇರೆ ಇಂಧನ ಬೇಕಿರಲಿಲ್ಲ.

1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮಾಡಿಕೊಂಡ ಒಪ್ಪಂದದಿಂದ ಮೀನುಗಾರಿಕೆಗೆ ಯಂತ್ರ ತರುವ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದಲ್ಲಿ ಶುರುವಾಯಿತು. 1960ರ ದಶಕದಲ್ಲಿ ಅದು ಕಾರವಾರಕ್ಕೂ ಬಂತು. 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬೋಟಿನ ವಿನ್ಯಾಸಕ್ಕೆ ಕೈಹಾಕಿತು. ಹಿಂದೆ ಬಲೆ ಎಳೆದುಕೊಂಡು ಹೋಗುವ, ಮೂವತ್ತು ಅಡಿಯ ಆಸುಪಾಸಿನ ಮರದ ಟ್ರಾಲ್ ಬೋಟು, ಚಿಕ್ಕ ಡೀಸೆಲ್ ಎಂಜಿನ್. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್. ಸಿಗಡಿಗೆ ಹೊರದೇಶದ ಬೆಲೆ ಸಿಗುತ್ತಿತ್ತು, ಡೀಸೆಲ್ ಅಗ್ಗವಾಗಿತ್ತು. ಹೀಗಾಗಿ ಲೀಟರ್ ಎಣಿಸುವ ಗರಜು ಯಾರಿಗೂ ಬೀಳಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ತನಕ ಕಾಯದೆ ತಾವೇ ಹೋಗಿ ಸುತ್ತುವರಿದವು. ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ತೈಲದ ಬೆಲೆ ಜಗತ್ತಿನಾದ್ಯಂತ ಏರಿದ ಅದೇ ದಶಕದಲ್ಲಿ ನಮ್ಮ ಕರಾವಳಿ ಎಣ್ಣೆಗೆ ಕಟ್ಟುಬಿದ್ದದ್ದು ಅಂದಿನ ಯೋಜನೆಗಾರರು ಗಂಭೀರವಾಗಿ ಯೋಚಿಸಬೇಕಿದ್ದ ಸಂಗತಿ.

ಬೋಟಿಗೆ ಎಣ್ಣೆ ಯಾಕೆ ಇಷ್ಟು ಬೇಕು ಎಂಬುದಕ್ಕೆ ಉತ್ತರ ಅದಕ್ಕೂ ನೂರು ವರ್ಷ ಮೊದಲೇ ಸಿಕ್ಕಿತ್ತು. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ನೀರಿನ ತೊಟ್ಟಿಯಲ್ಲಿ ಹಡಗಿನ ಮಾದರಿಗಳನ್ನು ಎಳೆದು ನೋಡಿ, ನೀರು ಒಡ್ಡುವ ತಡೆಯನ್ನು ಅಳೆದರು. ಬೋಟು ಮುಂದೆ ಸಾಗುವಾಗ ತಾನೇ ಅಲೆ ಎಬ್ಬಿಸುತ್ತದೆ. ವೇಗ ಏರಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕೊನೆಗೆ ಬೋಟು ತನ್ನದೇ ಅಲೆಯ ಏರನ್ನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಎಷ್ಟು ದೊಡ್ಡದಿದ್ದರೂ ಎಣ್ಣೆ ಹೊಗೆಯಾಗುತ್ತದೆಯೇ ಹೊರತು ದಾರಿ ಸಾಗುವುದಿಲ್ಲ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲು) ಲೆಕ್ಕದಲ್ಲಿ ಸಿಗುತ್ತದೆ. 49 ಅಡಿಗೆ ಸುಮಾರು 9.4 ನಾಟ್.

ಮಿತಿಯೊಳಗಿದ್ದರೂ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನದಷ್ಟು ಏರುತ್ತದೆ. ಈ ವಿಷಯವನ್ನು ಚಿಕ್ಕ ಬೋಟಿನವರಿಗೆ ತಿಳಿಯುವ ಹಾಗೆ ಬರೆದವರು ನಾರ್ವೆಯ ಬೋಟು ವಿನ್ಯಾಸಕಾರ ಓಯ್ವಿಂಡ್ ಗುಲ್‌ಬ್ರಾಂಡ್‌ಸನ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಬಂಗಾಳ ಕೊಲ್ಲಿ ಯೋಜನೆಗಾಗಿ ಅವರು ಬರೆದ ಕೈಪಿಡಿ 1986ರಲ್ಲಿ ಮದ್ರಾಸಿನಿಂದ ಹೊರಬಂತು. ವೇಗ ತಗ್ಗಿಸಿ, ತಳ ಸ್ವಚ್ಛವಾಗಿಡಿ, ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಲಿ: ಅವರ ಸಲಹೆಗಳ ಮುಖ್ಯ ಧಾಟಿ ಇದು. ಇದಕ್ಕಿಂತ ಉಪಯೋಗದ ಮಾತನ್ನು ಈ ವಿಷಯದಲ್ಲಿ ಆಮೇಲೆ ಯಾರೂ ಹೇಳಿದ್ದು ನಾನು ಕಂಡಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಮಲ್ಪೆಯಿಂದ ಮೀನು ಹಿಡಿಯುವ ಜಾಗ 120 ನಾಟಿಕಲ್ ಮೈಲು ದೂರ ಎನ್ನಿ. 9 ನಾಟ್ ವೇಗಕ್ಕೆ ಎಂಜಿನ್ 150 ಅಶ್ವಶಕ್ತಿ ಕೊಡುತ್ತಿದ್ದರೆ ಗಂಟೆಗೆ ಸುಮಾರು 28.5 ಲೀಟರ್ ಬೇಕು. ದಾರಿ 13 ಗಂಟೆ 20 ನಿಮಿಷ, ಡೀಸೆಲ್ ಹತ್ತಿರ ಹತ್ತಿರ 380 ಲೀಟರ್. ಅದೇ ಬೋಟು 8 ನಾಟ್‌ನಲ್ಲಿ ಹೋದರೆ 105 ಅಶ್ವಶಕ್ತಿ ಸಾಕು. ಗಂಟೆಗೆ 20 ಲೀಟರ್, ದಾರಿ 15 ಗಂಟೆ, ಡೀಸೆಲ್ 300 ಲೀಟರ್. ಒಂದು ಗಂಟೆ ನಲವತ್ತು ನಿಮಿಷ ತಡವಾದದ್ದಕ್ಕೆ 80 ಲೀಟರ್ ಉಳಿಯಿತು. ಬರುವ ದಾರಿಯನ್ನೂ ಸೇರಿಸಿದರೆ 160 ಲೀಟರ್. ಇದಕ್ಕೆ ಹೊಸ ಯಂತ್ರ ಬೇಡ, ಸಾಲ ಬೇಡ, ಥ್ರಾಟಲ್ ಮೇಲಿನ ಕೈ ಸ್ವಲ್ಪ ಹಿಂದೆ ಬಂದರೆ ಸಾಕು.

ಆದರೆ ಬೋಟು ನಡೆಸುವ ತಂಡೇಲರ ಕಷ್ಟವೂ ಸುಳ್ಳಲ್ಲ. ಬೇಗ ಧಕ್ಕೆ ಮುಟ್ಟಿದ ಬೋಟಿನ ಮೀನಿಗೆ ಹರಾಜಿನಲ್ಲಿ ಒಳ್ಳೆಯ ದರ. ಹತ್ತು ಬೋಟು ಒಟ್ಟಿಗೆ ಬಂದರೆ ದರ ಬೀಳುತ್ತದೆ. ಐಸ್ ಕರಗುತ್ತಿರುತ್ತದೆ. ಹಾಗಾಗಿ 1980ರ ದಶಕದಿಂದ ಹಲವು ದಿನಗಳ ಆಳಸಮುದ್ರ ಟ್ರಿಪ್ ಬೆಳೆದಂತೆ ಎಂಜಿನ್ನೂ ಬೆಳೆಯಿತು. ನೂರು ಅಶ್ವಶಕ್ತಿಯ ಜಾಗಕ್ಕೆ ಚೀನಾ ಎಂಜಿನ್‌ಗಳು ಬಂದು ಮುನ್ನೂರು, ನಾನೂರು ಅಶ್ವಶಕ್ತಿ ಮಾಮೂಲಾಯಿತು. ದಡದ ಹತ್ತಿರ ಮೀನು ಕಡಿಮೆಯಾಯಿತೆಂದು ದೂರ ಹೋಗುವುದು, ದೂರಕ್ಕೆ ಬೇಗ ತಲುಪಲು ಎಂಜಿನ್ ಹಿಗ್ಗಿಸುವುದು, ಅದರ ಖರ್ಚು ಎತ್ತಲು ಇನ್ನಷ್ಟು ಹಿಡಿಯುವುದು. ಈ ಸುತ್ತು ಇನ್ನೂ ನಿಂತಿಲ್ಲ.

ದಾರಿಗಿಂತ ಬಲೆ ಎಳೆಯುವಾಗಿನ ಖರ್ಚು ದೊಡ್ಡದು. ಎರೆಹೊಲದಲ್ಲಿ ಆಳಕ್ಕೆ ನೇಗಿಲು ಇಳಿಸಿದ ಟ್ರ್ಯಾಕ್ಟರಿನಂತೆ ಟ್ರಾಲ್ ಬೋಟು ಮೂರು ನಾಟ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಏದುಸಿರು ಬಿಡುತ್ತಾ ಬಲೆಯನ್ನು ಎಳೆಯುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಪ್ರೊಪೆಲ್ಲರಿನ ಸುತ್ತ ಬಳೆಯಂತೆ ಕೂರಿಸುವ ನಾಜ಼ಲ್. 1930ರ ದಶಕದಲ್ಲಿ ಜರ್ಮನಿಯ ಲುಡ್ವಿಗ್ ಕೋರ್ಟ್ ರೂಪಿಸಿದ್ದು. ನಿಧಾನಕ್ಕೆ ಭಾರ ಎಳೆಯುವ ಬೋಟಿಗೆ ಇದು ಹೇಳಿ ಮಾಡಿಸಿದ್ದು.

ಎಲ್ಲ ಬೋಟುಗಳ ಒಟ್ಟು ಲೆಕ್ಕ ನೋಡಿದರೆ, 2000ನೇ ಇಸವಿಯಲ್ಲಿ ಜಗತ್ತಿನ ಮೀನುಗಾರಿಕೆ ಹತ್ತಿರ ಹತ್ತಿರ 5,000 ಕೋಟಿ ಲೀಟರ್ ಇಂಧನ ಸುಟ್ಟಿತ್ತೆಂದು ಟೈಡ್‌ಮರ್ಸ್, ವಾಟ್ಸನ್, ಪಾಲಿ ಎಂಬ ವಿಜ್ಞಾನಿಗಳು 2005ರಲ್ಲಿ ಲೆಕ್ಕ ಕೊಟ್ಟರು. ಒಂದು ಟನ್ ಮೀನಿಗೆ ಸರಾಸರಿ 620 ಲೀಟರ್. ಭಾರತದ ಯಾಂತ್ರೀಕೃತ ಮತ್ತು ಮೋಟಾರು ಬೋಟುಗಳ ಪಾಲು ವರ್ಷಕ್ಕೆ ಸುಮಾರು 122 ಕೋಟಿ ಲೀಟರ್ ಎಂಬುದು ಕೊಚ್ಚಿಯ ತಜ್ಞರ ಅಂದಾಜು.

ಎಂಜಿನ್ ಮುಟ್ಟದೆ ಎಣ್ಣೆ ಉಳಿಸಿದ್ದು ಉಪಗ್ರಹ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಸಮುದ್ರದ ಮೇಲ್ಮೈಯ ಉಷ್ಣತೆ, ಹಸಿರು ಬಣ್ಣದ ಸೂಕ್ಷ್ಮಸಸ್ಯಗಳ ಪ್ರಮಾಣ ನೋಡಿ ಮೀನು ಸಿಗಬಹುದಾದ ವಲಯ ತಿಳಿಸುತ್ತದೆ. ಜಿಪಿಎಸ್, ಫಿಶ್ ಫೈಂಡರ್ ಜೊತೆಗೆ ಇದೂ ಸೇರಿ ಸುಮ್ಮನೆ ಹುಡುಕಾಡುವ ಗಂಟೆಗಳು ಕಡಿಮೆಯಾದವು. ಬೋಟಿನ ಮೈಕಟ್ಟಿಗೆ ಬಂದರೆ, ಕೊಚ್ಚಿಯ ಸಂಸ್ಥೆ ವಿನ್ಯಾಸ ಮಾಡಿ ಗೋವಾ ಶಿಪ್‌ಯಾರ್ಡ್ ಕಟ್ಟಿದ 19.75 ಮೀಟರ್ ಉದ್ದದ ‘ಸಾಗರ ಹರಿತಾ’ 2016ರಲ್ಲಿ ನೀರಿಗಿಳಿಯಿತು. ತಡೆ ಕಡಿಮೆ ಮಾಡುವ ಹಡಗಿನ ಆಕಾರ, ಹಗುರವಾದ ಮೇಲ್ಕಟ್ಟು, ಚಿಕ್ಕ ಎಂಜಿನ್, ದೀಪಕ್ಕೆ ಸೌರಫಲಕ. ಬ್ಯಾಟರಿಯ ಮಾತು ಬೇರೆ. ಕೇರಳದ ವೈಕ್ಕಂನಲ್ಲಿ 2017ರಿಂದ ಓಡುತ್ತಿರುವ ‘ಆದಿತ್ಯ’ ಸೌರದೋಣಿ ಹಿನ್ನೀರು ದಾಟಿಸುವುದಕ್ಕೆ ಬಹಳ ಚೆನ್ನಾಗಿದೆ. ಹತ್ತು ದಿನದ ಟ್ರಿಪ್ಪಿಗೆ ಬೇಕಾದಷ್ಟು ಶಕ್ತಿಯನ್ನು ಬ್ಯಾಟರಿಯಲ್ಲಿ ತುಂಬಿದರೆ ಮೀನಿಗೆ ಜಾಗ ಉಳಿಯುವುದಿಲ್ಲ.

ಇನ್ನು ಸರ್ಕಾರದ ನೆರವು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆರವಾದ ಮೇಲೆ ಕರಾವಳಿಗೆ ರಾಜ್ಯದ ತೆರಿಗೆ ವಿನಾಯಿತಿಯೇ ಆಸರೆ. 2023ರ ಜುಲೈ ಬಜೆಟ್ಟಿನಲ್ಲಿ ವಿನಾಯಿತಿಯ ಮಿತಿ ವರ್ಷಕ್ಕೆ 1.5 ಲಕ್ಷದಿಂದ 2 ಲಕ್ಷ ಕಿಲೋಲೀಟರಿಗೆ ಏರಿತು. ಇದು ಬೇಕೇಬೇಕು; ಇಲ್ಲದಿದ್ದರೆ ಎಷ್ಟೋ ಬೋಟು ದಡದಲ್ಲೇ ನಿಲ್ಲುತ್ತವೆ. ಆದರೆ ಸುಟ್ಟ ಲೀಟರಿಗೆ ಸಿಗುವ ನೆರವು ಉಳಿಸಿದ ಲೀಟರಿಗೆ ಸಿಗುವುದಿಲ್ಲ ಎಂಬುದು ನನ್ನ ತಕರಾರು. ಅದೇ ಬಜೆಟ್ಟು ನಾಡದೋಣಿಯ ಸೀಮೆಎಣ್ಣೆ ಎಂಜಿನ್ ಬದಲಿಸಿ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಕೂರಿಸಲು 50,000 ರೂಪಾಯಿವರೆಗೆ ಸಹಾಯಧನ ಘೋಷಿಸಿತು. ಸರಿಯಾದ ದಿಕ್ಕು ಅದು. ಆಳಸಮುದ್ರದ ಬೋಟಿಗೂ ಗಂಟೆಗೆ ಎಷ್ಟು ಲೀಟರ್ ಎಂದು ತೋರಿಸುವ ಮೀಟರ್, ಎಂಜಿನ್ನಿಗೆ ಹೊಂದುವ ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್, ನಾಜ಼ಲ್ ಇವಕ್ಕೆ ಹೀಗೇ ಹಣ ಸಿಗಬೇಕು. ಕೂರಿಸಲು ವೇಳೆಯೂ ಇದೆ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವುದಿಲ್ಲ, ಎಷ್ಟೋ ಬೋಟುಗಳನ್ನು ಆಗಲೇ ಮೇಲೆಳೆದು ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕೆರೆದು ಬಣ್ಣ ಬಳಿಯುತ್ತಾರೆ.